ಹನ್ನೊಂದು ವಾಕ್ಯಗಳ ಸಂಥೆ

ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಎಂಬುದನ್ನು ಶಾರದ ಟೀಚರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಬೇರೆಯವರಿಗೆ ಹೇಳಿಕೊಡುತ್ತಿದ್ದವಳೇ ಅವಳು. ಪಾಂಡವಪುರದಲ್ಲಿ ನಡೆಯುವ ಶಿಕ್ಷಕರ ತರಬೇತಿಗಳಲ್ಲಿ ಬಣ್ಣದ ಸ್ಕೆಚ್ ಪೆನ್ನಿನಿಂದ ಚಾರ್ಟು ಬರೆದು, ಊಟವಾದ ಮೇಲೆ ತೂಕಡಿಸುವ ಮೇಷ್ಟ್ರುಗಳನ್ನು ಎಬ್ಬಿಸಿ ಎಬ್ಬಿಸಿ ವಿವರಿಸುತ್ತಿದ್ದಳು. ಆರೇಳು ವರ್ಷದ ಮಗು ಕೇಳಿದ್ದನ್ನು ಕೇಳಿದ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ; ಎಂಟು ದಾಟಿತೆಂದರೆ ಪದಕ್ಕೆ ಅರ್ಥ ಹುಡುಕುತ್ತದೆ, ಆ ಅರ್ಥವನ್ನು ತಾನು ಕಂಡದ್ದಕ್ಕೆ, ಉಂಡದ್ದಕ್ಕೆ ಹೊಂದಿಸಿ ನೋಡುತ್ತದೆ, ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದೂ ಊಹಿಸುತ್ತದೆ. ಹೀಗೆ ಬರೆದಿದ್ದ ಚಾರ್ಟನ್ನು ತಂದು ಚಿನಕುರಳಿ ಕಡೆಯ ತನ್ನ ಶಾಲೆಯಲ್ಲೂ ಅಂಟಿಸಿದ್ದಳು. ಊರಿನ ಮಕ್ಕಳಿಗೆಲ್ಲ ಅನ್ವಯಿಸುವ ಆ ಮಾತು ತನ್ನ ಮಗಳಿಗೆ ಮಾತ್ರ ಅನ್ವಯಿಸುವುದಿಲ್ಲವೆಂದು ಅವಳು ಎಲ್ಲಿ ಓದಿದ್ದಳೋ ಗೊತ್ತಿಲ್ಲ.

ಶಾರದ ಮೇಲುಕೋಟೆಯವಳು. ತಂದೆ ದೊರೆಸ್ವಾಮಿ ಅಲ್ಲಿನ ಪಾಠಶಾಲೆಯೊಂದರಲ್ಲಿ ಹುಡುಗರಿಗೆ ಸಂಥೆ ಹೇಳುತ್ತಿದ್ದವರು. ಸಂಥೆಯೆಂದರೆ ಗುರು ಒಂದು ಸಲ ಹೇಳುವುದು, ಶಿಷ್ಯ ಎರಡು ಸಲ ಹೇಳುವುದು. ಒಂದಕ್ಷರ ಜಾರಿದರೂ ಮತ್ತೆ ಮೊದಲಿಂದ. ಬೆಳಗಿನ ಪಾಠ ಒಪ್ಪಿಸುವವರೆಗೆ ತಿಂಡಿಯ ಮಾತೇ ಇಲ್ಲ. ಯಾವನಾದರೂ ಹುಡುಗ ಅರ್ಥ ಕೇಳಿದರೆ, “ಮೊದಲು ಬಾಯಿಗೆ ಬರಲಿ, ಅರ್ಥ ಹಿಂದೆಯೇ ಬರುತ್ತೆ” ಎನ್ನುತ್ತಿದ್ದರು. ಎಷ್ಟೋ ಹುಡುಗರಿಗೆ ಬಾಯಿಗೇನೋ ಬಂತು. ಅರ್ಥ ಮಾತ್ರ ಇನ್ನೂ ದಾರಿಯಲ್ಲೇ ಇದೆ. ಹೆಣ್ಣುಮಗಳಾದ್ದರಿಂದ ಶಾರದೆಗೆ ಆ ಸಂಥೆಯೂ ಸಿಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತು ಕೇಳಿಸಿಕೊಂಡದ್ದಷ್ಟೇ ಅವಳ ಪಾಲಿಗೆ ಬಂದದ್ದು. ಆ ಸಿಟ್ಟನ್ನು ಅವಳು ಮಗಳ ಮೇಲೆ ಪ್ರೀತಿಯಾಗಿ ತೀರಿಸಿಕೊಂಡಳು.

ಮಗಳು ಪ್ರಜ್ಞ ಆರನೇ ವಯಸ್ಸಿಗೇ ನೂರೆಂಟು ಶ್ಲೋಕ ಹೇಳುತ್ತಿದ್ದಳು. ಮೇಲುಕೋಟೆ, ನಾಗಮಂಗಲ, ಕೆ.ಆರ್. ಪೇಟೆ, ಎಲ್ಲಿ ಕಂಠಪಾಠ ಸ್ಪರ್ಧೆ ನಡೆದರೂ ಸ್ಟೀಲ್ ತಟ್ಟೆಯೋ ಡಬ್ಬಿಯೋ ಇವಳ ಕೈಗೇ. ಮನೆಯಲ್ಲಿ ತಟ್ಟೆಗಳು ಎಷ್ಟಾಗಿದ್ದವೆಂದರೆ ಅವುಗಳಲ್ಲಿ ಊಟಕ್ಕೆ ಕೂರಿಸಲು ಜನ ಇರಲಿಲ್ಲ.

ಜನ ಇಲ್ಲದಿರುವುದಕ್ಕೆ ಕಾರಣ ಗಂಡ ಶ್ರೀರಾಮ್. ಶ್ರೀರಂಗಪಟ್ಟಣದಲ್ಲಿ ಅವನದು ಅಪ್ಪನ ಕಾಲದ ಮನೆ, ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ಕುಡಿಯುತ್ತಿರಲಿಲ್ಲ, ಕೈಯೆತ್ತುತ್ತಿರಲಿಲ್ಲ. ಆದರೆ ಒಂದು ಮಾತಿಗೆ ಮುನಿದರೆ ಎರಡು ತಿಂಗಳು ಹೆಂಡತಿಯ ಜೊತೆ ಮಾತು ಬಿಡುತ್ತಿದ್ದ. ಮಗಳ ಜೊತೆ ನಗುತ್ತಿದ್ದ, ಅವಳನ್ನು ಹೊಳೆ ದಡಕ್ಕೆ ಕರೆದುಕೊಂಡು ಹೋಗುತ್ತಿದ್ದ. ಹೆಂಡತಿ ಎದುರು ಬಂದರೆ ಗೋಡೆ ನೋಡುತ್ತಿದ್ದ. ಇದನ್ನು ಯಾರಿಗಾದರೂ ಹೇಳಿದರೆ, “ಅಷ್ಟೇನಾ?” ಎನ್ನುತ್ತಿದ್ದರು. ಆ ‘ಅಷ್ಟೇನಾ’ ಕೇಳಿ ಕೇಳಿ ಸಾಕಾಗಿ ಶಾರದ ಏಳು ವರ್ಷದ ಮಗಳನ್ನು ಕರೆದುಕೊಂಡು ಪಾಂಡವಪುರದ ಬಾಡಿಗೆ ಮನೆಗೆ ಬಂದುಬಿಟ್ಟಳು. ಕಣ್ಣಮುಂದೆಯೇ ಇರಲಿ ಎಂದು ಮಗಳನ್ನು ತನ್ನ ಶಾಲೆಗೇ ಸೇರಿಸಿದಳು. ದಿನಾ ಸ್ಕೂಟರಿನಲ್ಲಿ ಇಬ್ಬರೂ ಹೋಗಿ ಬರುತ್ತಿದ್ದರು. ಎರಡು ವರ್ಷ ಸುಮ್ಮನಿದ್ದ ಶ್ರೀರಾಮ್, ಮಗಳು ತನ್ನ ಬಳಿ ಇರಬೇಕೆಂದು ಕೋರ್ಟಿಗೆ ಹೋದ.

ಶಾರದೆಗೆ ಮಗಳಲ್ಲದೆ ಬೇರೆ ಯಾರೂ ಇರಲಿಲ್ಲ. ಕೇಸು ಸೋತರೆ ಮನೆಯಲ್ಲಿ ಮಾತಾಡಲು ಒಂದು ಜೀವವೂ ಇರುವುದಿಲ್ಲ ಎಂಬುದು ಅವಳ ತಲೆಯಿಂದ ಹೋಗುತ್ತಲೇ ಇರಲಿಲ್ಲ. ಅವಳ ಪರ ವಕೀಲೆ ಪ್ರಿಯಂವದಾ ಧೈರ್ಯ ಹೇಳಿದರು. “ನ್ಯಾಯಾಧೀಶರು ಮಗೂನ ತಾವೇ ಮಾತಾಡಿಸ್ತಾರೆ. ಒಂಬತ್ತು ವರ್ಷದ ಮಗು, ಅದರ ಇಷ್ಟಕ್ಕೆ ಬೆಲೆ ಇದೆ. ಅಮ್ಮನ ಹತ್ರ ಇರ್ತೀನಿ ಅಂತ ಅವಳ ಮಾತಲ್ಲೇ ಹೇಳಿದ್ರೆ ಸಾಕು. ನೀವೇನೂ ಹೇಳಿಕೊಡೋಕೆ ಹೋಗಬೇಡಿ, ಶಾರದಾ.”

ಹೇಳಿಕೊಡಬೇಡಿ ಎಂದರೆ ಟೀಚರು ಕೇಳುತ್ತಾಳೆಯೇ? ಅದರಲ್ಲೂ ಸಂಥೆಯ ಮನೆಯಿಂದ ಬಂದವಳು? ಮಗುವಿನ ಮಾತು ಕೋರ್ಟಿನ ತೂಕಕ್ಕೆ ಸಾಲದು ಎಂದುಕೊಂಡಳು. ಶ್ರೀರಾಮನ ಅರ್ಜಿಗೆ ವಕೀಲೆ ಬರೆದಿದ್ದ ಆಕ್ಷೇಪಣೆಯ ಕಾಗದ ಮುಂದಿಟ್ಟುಕೊಂಡು ಅದರಿಂದ ಹನ್ನೊಂದು ವಾಕ್ಯ ಆರಿಸಿ ಬರೆದಳು. ಮೊದಲನೆಯದು “ಮಾನ್ಯ ನ್ಯಾಯಾಲಯಕ್ಕೆ ನಾನು ವಿನಯಪೂರ್ವಕವಾಗಿ ತಿಳಿಸುವುದೇನೆಂದರೆ” ಎಂದು ಶುರುವಾಗುತ್ತಿತ್ತು. ಆರನೆಯದು, “ನನ್ನ ತಂದೆಯವರು ನನಗೂ ನನ್ನ ತಾಯಿಯವರಿಗೂ ನಿರಂತರವಾಗಿ ಮಾನಸಿಕ ಕಿರುಕುಳ ನೀಡಿರುತ್ತಾರೆ.” ಹನ್ನೊಂದನೆಯದು, “ನಾನು ನನ್ನ ಸ್ವಂತ ಇಚ್ಛೆಯಿಂದ ತಾಯಿಯವರ ಬಳಿಯೇ ಇರಲು ಬಯಸುತ್ತೇನೆ.”

ಮಾರನೇ ದಿನ ಬೆಳಿಗ್ಗೆ ಮಗಳಿಗೆ ಸ್ನಾನ ಮಾಡಿಸಿ, ಎದುರಿಗೆ ಮಣೆ ಹಾಕಿ ಕೂರಿಸಿಕೊಂಡಳು. ತಾನು ಒಂದು ಸಲ, ಮಗಳು ಎರಡು ಸಲ.

“ಅಮ್ಮ, ಮಾನಸಿಕ ಕಿರುಕುಳ ಅಂದ್ರೆ ಏನು?” ಎಂದು ಮೂರನೇ ದಿನವೇ ಕೇಳಿದಳು ಪ್ರಜ್ಞ.

“ಅದೆಲ್ಲ ನಿಂಗ್ಯಾಕೆ? ಮುಂದೆ ಹೇಳು.”

“ಅರ್ಥ ಗೊತ್ತಾದ್ರೆ ಬೇಗ ಬಾಯಿಗೆ ಬರುತ್ತೆ.”

“ಆರು ವರ್ಷದವಳಿದ್ದಾಗ ಅರ್ಥ ಕೇಳಿ ಕಲಿತಿದ್ಯಾ? ಹೇಳು, ನಿರಂತರವಾಗಿ...”

“ನಿರಂತರವಾಗಿ ಅಂದ್ರೆ?”

“ಬಿಡದೇ. ದಿನಾ. ಸಾಕಾ? ಮೊದಲಿಂದ ಹೇಳು ಈಗ.”

ಮೊದಲಿಂದ ಎಂದರೆ ಮೊದಲಿಂದಲೇ. ಶ್ಲೋಕಗಳನ್ನು ನೀರು ಕುಡಿದ ಹಾಗೆ ಕಲಿತಿದ್ದ ಹುಡುಗಿ ಈ ಹನ್ನೊಂದು ವಾಕ್ಯಕ್ಕೆ ಎಡವಿದಳು. ಏಳನೆಯದಕ್ಕೆ ಬರುವಷ್ಟರಲ್ಲಿ ನಿಂತು ಯೋಚಿಸುತ್ತಿದ್ದಳು, “ಇದು ಯಾವತ್ತು ನಡೀತು?” ಎನ್ನುತ್ತಿದ್ದಳು. ಶಾರದೆಗೆ ಅದು ಅಧಿಕಪ್ರಸಂಗವಾಗಿ ಕಂಡಿತು. ಒಲೆಯ ಮೇಲಿನ ಉಪ್ಪಿಟ್ಟು ಆರುತ್ತಿತ್ತು, ಸ್ಕೂಟರಿನ ಹೊತ್ತಾಗುತ್ತಿತ್ತು. ಪಾಠ ಒಪ್ಪಿಸದ ದಿನ ಮಗಳು ಬರೀ ಹೊಟ್ಟೆಯಲ್ಲಿ ಶಾಲೆಗೆ ಹೋಗುತ್ತಿದ್ದಳು. ಆ ದಿನ ಶಾರದೆಯೂ ತಿನ್ನುತ್ತಿರಲಿಲ್ಲ. ತಾನೂ ತಿನ್ನಲಿಲ್ಲವಾದ್ದರಿಂದ ಅದು ಶಿಕ್ಷೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಶಾಲೆಯಲ್ಲಿ ಬಿಸಿಯೂಟ ಮಾಡುವ ಮಾಯಮ್ಮನಿಗೆ ಕಣ್ಣು ಚುರುಕು. ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತಲೇ ಶಾರದೆಯನ್ನು ಕರೆದಳು.

“ಮೇಡಮ್ಮೋರೇ, ಬೇಜಾರ್ ಮಾಡ್ಕೋಬ್ಯಾಡಿ. ಮಗ ಹೊಟ್ಟೆ ಅಸ್ಕೊಂಡ್ ಬತ್ತಾ ಅದೆ. ಅನ್ನೊಂದ್ ಗಂಟೆಗೇ ಬಂದು ಇಲ್ಲಿ ನಿಂತ್ಕತದೆ.”

“ಮನೇಲಿ ಏನೋ ಕಲಿಸ್ತಾ ಇದೀನಿ ಮಾಯಮ್ಮ. ಸ್ವಲ್ಪ ದಿನ ಅಷ್ಟೇ.”

“ಕಲ್ಸಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಮೊನ್ನೆ ನನ್ನ ಕೇಳ್ತು, ಕಿರುಕುಳ ಅಂದ್ರೇನು ಮಾಯಮ್ಮಜ್ಜಿ ಅಂತವ. ನಾನೇನ್ ಓದಿದ್ದೀನಾ? ಯಾರಾರ ನಮ್ಮನ್ನ ಬುಡದಂಗೆ ಕಾಡುದ್ರೆ, ನಾವು ಅತ್ರೂ ಬುಡದೇ ಇದ್ರೆ, ಅದೇ ಕಣವ್ವ ಅಂದೆ. ಸುಮ್ಕೆ ನಿಂತು ಯೋಚ್ನೆ ಮಾಡ್ತು. ಆಮೇಕೆ ಊಂ ಅಂತ ತಲೆ ಆಡುಸ್ಬುಟ್ಟು ಓಯ್ತು.”

ಶಾರದ ನಕ್ಕಳು. ಅಡುಗೆಯವಳ ಹತ್ತಿರ ಪದಾರ್ಥ ಕೇಳಲು ಹೋದ ಮಗಳ ಮೇಲೆ ನಗು ಬಂದಿತ್ತೇ ಹೊರತು, ಆ ಮಗು ತಲೆಯಾಡಿಸಿದ್ದು ಯಾತಕ್ಕೆ ಎಂದು ಕೇಳಬೇಕೆನಿಸಲಿಲ್ಲ. ಬೇರೆಯವರ ಮಕ್ಕಳು ಹಾಗೆ ತಲೆಯಾಡಿಸಿದ್ದರೆ ತರಬೇತಿಯಲ್ಲಿ ಅರ್ಧ ಗಂಟೆ ಮಾತಾಡುತ್ತಿದ್ದಳು.

ಎರಡು ತಿಂಗಳಲ್ಲಿ ಹನ್ನೊಂದೂ ವಾಕ್ಯ ಬಾಯಿಗೆ ಬಂದವು. ಕೋರ್ಟಿನ ದಿನ ಪ್ರಜ್ಞಳಿಗೆ ಬಿಳಿ ಫ್ರಾಕು ಹಾಕಿ, ಎರಡು ಜಡೆ ಹೆಣೆದು, ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆತಂದಳು. ಶ್ರೀರಾಮ್ ಬೇವಿನ ಮರದ ಕೆಳಗೆ ನಿಂತಿದ್ದ. ಮಗಳನ್ನು ಕಂಡು ಕೈಯೆತ್ತಿದ; ಅವಳೂ ಎತ್ತಹೋಗಿ, ಅಮ್ಮನ ಮುಖ ನೋಡಿ ಕೆಳಗಿಳಿಸಿದಳು.

ನ್ಯಾಯಾಧೀಶರು ಮಗುವನ್ನು ಒಬ್ಬಳನ್ನೇ ತಮ್ಮ ಕೋಣೆಗೆ ಕರೆಸಿಕೊಂಡರು. ಬಾಗಿಲಲ್ಲಿ ಜವಾನ ಬೋರಯ್ಯ ನಿಂತ. ಹೊರಗಿನ ಬೆಂಚಿನ ಮೇಲೆ ಕೂತ ಶಾರದೆಗೆ ಕಿಟಕಿಯಿಂದ ಮಗಳ ದನಿ ಕೇಳಿಸಿತು. ಮಾನ್ಯ ನ್ಯಾಯಾಲಯಕ್ಕೆ ಎಂದು ಶುರುವಾದದ್ದು ಎಲ್ಲೂ ನಿಲ್ಲಲಿಲ್ಲ. ಶಾರದ ಬೆರಳು ಮಡಚುತ್ತ ಎಣಿಸಿದಳು. ಹನ್ನೊಂದು ಮುಗಿದಾಗ ಅವಳ ಕಣ್ಣಲ್ಲಿ ನೀರು ಬಂತು. ಅಪ್ಪ ಇದ್ದಿದ್ದರೆ ಭೇಷ್ ಎನ್ನುತ್ತಿದ್ದರು ಎಂದುಕೊಂಡಳು.

“ಏನ್ ಮಗ ಕಣವ್ವ ಇದು!” ಎಂದ ಬೋರಯ್ಯ ಮೆಲ್ಲಗೆ. “ನಮ್ ಲಾಯರ್‌ಗಳ್ಗೂ ಇಂಗೆ ಬರಾಕಿಲ್ಲ. ಒಂದ್ ಸತಿನೂ ತಡವರುಸ್ನಿಲ್ಲ.”

ಆಮೇಲೆ ಒಳಗಿನ ಮಾತು ತಗ್ಗಿತು. ನ್ಯಾಯಾಧೀಶರು ಏನೋ ಕೇಳಿದ್ದು, ಮಗಳು ಏನೋ ಹೇಳಿದ್ದು, ಒಂದೂ ಸ್ಪಷ್ಟವಾಗಲಿಲ್ಲ. ಸುಮಾರು ಹೊತ್ತಿನ ಮೇಲೆ ಪ್ರಜ್ಞ ಕೈಯಲ್ಲೊಂದು ಚಾಕಲೇಟು ಹಿಡಿದು ಹೊರಗೆ ಬಂದಳು. “ಎಲ್ಲಾ ಹೇಳಿದೆ ಅಮ್ಮ. ಅವರು ಕೇಳಿದ್ದಕ್ಕೂ ಹೇಳಿದೆ” ಎಂದಳು. ಶಾರದ ಅಲ್ಲೇ ಅವಳನ್ನು ಅಪ್ಪಿಕೊಂಡಳು. ಊರಿಗೆ ಬಂದು ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದಳು.

ಮೂರು ವಾರದ ಮೇಲೆ ಆದೇಶ ಬಂತು. ಪ್ರಿಯಂವದಾ ಫೋನಿನಲ್ಲಿ ಹೇಳದೆ ಶ್ರೀರಂಗಪಟ್ಟಣದ ತಮ್ಮ ಆಫೀಸಿಗೇ ಕರೆಸಿಕೊಂಡರು. ಕಾಗದ ತಿರುಗಿಸಿ ಒಂದು ಕಡೆ ಬೆರಳಿಟ್ಟರು. “ನೀವೇ ಓದಿ. ನನ್ನ ಕೈಲಿ ಆಗಲ್ಲ.”

ಶಾರದ ಓದಿದಳು. ಮಗುವು ತನ್ನ ವಯಸ್ಸಿಗೆ ಮೀರಿದ ಭಾಷೆಯಲ್ಲಿ ಹೇಳಿಕೆ ಒಪ್ಪಿಸಿತೆಂದೂ, ಮಾನಸಿಕ ಕಿರುಕುಳವೆಂದರೇನು, ಒಂದು ಉದಾಹರಣೆ ಕೊಡು ಎಂದು ಕೇಳಿದಾಗ ಕೊಟ್ಟ ಉತ್ತರವನ್ನು ಮಗುವಿನ ಮಾತಿನಲ್ಲೇ ದಾಖಲಿಸಲಾಗಿದೆಯೆಂದೂ ಬರೆದಿತ್ತು. ಅದರ ಕೆಳಗೆ ಮಗಳ ಮಾತು ಅಚ್ಚಾಗಿತ್ತು: “ಯಾರಾದ್ರೂ ನಮ್ಮನ್ನ ಬಿಡದೇ ಕಾಡೋದು. ಅತ್ತರೂ ಬಿಡದೇ ಇರೋದು. ಒಂದೇ ಮಾತನ್ನ ದಿನಾ ಮೊದಲಿಂದ ಹೇಳ್ಸೋದು, ತಪ್ಪಿದ್ರೆ ತಿಂಡಿ ಕೊಡದೇ ಇರೋದು. ಅಮ್ಮ ಮಾಡ್ತಾರಲ್ಲ, ಹಂಗೆ. ಅಪ್ಪ ನಂಗೆ ಮಾಡಿದ್ದು ನೆನಪಿಲ್ಲ. ಅಮ್ಮಂಗೆ ಮಾಡಿರಬೋದು, ಅವರು ಮಾತಾಡ್ತಾನೇ ಇರಲಿಲ್ಲ.”

ಇನ್ನೂ ಮುಂದಕ್ಕಿತ್ತು. ತಾಯಿಯ ಬಳಿ ಇರಲು ಬಯಸುವುದಾಗಿ ಮಗು ಹೇಳಿದ್ದರೂ, ಆ ಮಾತು ಹೇಳಿಕೊಟ್ಟ ಹೇಳಿಕೆಯ ಭಾಗವೇ ಆಗಿರುವುದರಿಂದ ಅದನ್ನು ಮಗುವಿನ ಸ್ವಂತ ಇಚ್ಛೆಯೆಂದು ಒಪ್ಪಲಾಗದು. ಸದ್ಯಕ್ಕೆ ಮಗು ತಂದೆಯ ಬಳಿ ಇರತಕ್ಕದ್ದು. ತಾಯಿಗೆ ತಿಂಗಳಲ್ಲಿ ಎರಡು ಭಾನುವಾರ.

“ನಾನು ಹೇಳಿದ್ದೆ” ಎಂದರು ಪ್ರಿಯಂವದಾ. ಮೇಲ್ಮನವಿ, ಆರು ತಿಂಗಳು, ಎಂದೆಲ್ಲ ಮತ್ತೆ ಏನೇನೋ ಹೇಳಿದರು. ಶಾರದೆಗೆ ಮಗಳ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಹೊತ್ತು ಹೆತ್ತು, ಹಾಡಿಸಿ, ತಟ್ಟೆ ಗೆಲ್ಲಿಸಿದವಳನ್ನು ಪರರ ಎದುರಿಗೆ ಹೀಗೆ ಹಾಕಿಕೊಟ್ಟಳಲ್ಲ ಎಂದು ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಪಾಂಡವಪುರ ಬರುವಷ್ಟರಲ್ಲಿ ಆ ಸಿಟ್ಟಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಮಗಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಶ್ರೀರಾಮ್ ಕಾರು ತಂದು ಬೀದಿಯಲ್ಲಿ ನಿಲ್ಲಿಸಿದ. ಒಳಗೆ ಬರಲಿಲ್ಲ, ಹಾರ್ನೂ ಮಾಡಲಿಲ್ಲ. ಶಾರದ ಮಗಳ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಪ್ರಜ್ಞ ಮಂಚದ ತುದಿಯಲ್ಲಿ ಕೂತು ಕಾಲಾಡಿಸುತ್ತಿದ್ದಳು.

“ಯಾಕೆ ಪುಟ್ಟಿ ಹಾಗೆ ಹೇಳಿದೆ?” ಕೇಳಬಾರದೆಂದುಕೊಂಡಿದ್ದರೂ ಶಾರದ ಕೇಳಿಬಿಟ್ಟಳು.

“ಅವರು ಅರ್ಥ ಕೇಳಿದ್ರು. ಗೊತ್ತಿಲ್ಲ ಅಂದ್ರೆ, ಅರ್ಥ ಗೊತ್ತಿಲ್ದೇ ಹೇಳಿದ್ಯಾ ಅಂತ ನಿನಗೆ ಬೈತಾರೆ ಅಂದ್ಕೊಂಡೆ. ಅದಕ್ಕೆ ಚೆನ್ನಾಗಿ ಯೋಚ್ನೆ ಮಾಡಿ ಸರಿಯಾದ ಉದಾಹರಣೆ ಕೊಟ್ಟೆ.” ಮಂಚದಿಂದ ಇಳಿದು ಹತ್ತಿರ ಬಂದಳು. “ಹನ್ನೊಂದನೇದು ಮಾತ್ರ ನಿಜವಾಗ್ಲೂ ನಂದೇ ಅಂತ ಎರಡು ಸಲ ಹೇಳಿದೆ ಅಮ್ಮ. ಅವರು ನಕ್ಕು ಚಾಕಲೇಟ್ ಕೊಟ್ರು.”

ಶಾರದ ಚೀಲದ ಜಿಪ್ಪು ಎಳೆದಳು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು.

“ಅಮ್ಮ, ನಾನು ಹೇಳಿದ ಅರ್ಥ ತಪ್ಪಾ?”

ಶಾರದ ಸಿಕ್ಕಿಕೊಂಡ ಜಿಪ್ಪನ್ನು ಹಿಂದಕ್ಕೆಳೆದು ಮತ್ತೆ ಮೊದಲಿಂದ ಹಾಕಿದಳು.

“ಇಲ್ಲ ಪುಟ್ಟಿ. ಸರಿಯಾಗೇ ಹೇಳಿದೀಯ.”

ಪ್ರಜ್ಞಳ ಮುಖ ಅರಳಿತು. ಎರಡು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಕಾದಿದ್ದ ಮಾತು ಅದು. ಆಮೇಲೆ ಬೀದಿಯ ಕಡೆಗೆ ನೋಡಿದಳು, ಚೀಲದ ಕಡೆಗೆ ನೋಡಿದಳು. ಒಂಬತ್ತು ವರ್ಷದ ಮಗು ಒಂದಕ್ಕೊಂದು ಹೊಂದಿಸಿ ನೋಡುತ್ತದೆ.

“ಸರಿಯಾಗೇ ಹೇಳಿದ್ರೆ ಮತ್ತೆ ನನ್ನನ್ಯಾಕೆ ಕಳಿಸ್ತಿದೀಯ?” ಎಂದು ಕೇಳಿದಳು.