ಸೋಮವಾರದ ರಕ್ತ

ಬಲಗೈ ಹೇಗೋ ಅಂಗಿಯ ತೋಳಿಗೆ ಹೋಯಿತು, ಎಡಗೈ ಮಾತ್ರ ಹೋಗಲೊಲ್ಲದು. ಸತ್ತವರ ಮೈ ಸೆಟೆಯುತ್ತದೆ ಎಂಬುದನ್ನು ಪ್ರೊಫೆಸರಮ್ಮ ಎಷ್ಟೋ ವರ್ಷ ಪಾಠ ಮಾಡಿದ್ದಳು. ಗಂಡನಿಗೆ ಅಂಗಿ ತೊಡಿಸುವಾಗ ಆ ಪಾಠ ಯಾವ ಕೆಲಸಕ್ಕೂ ಬರಲಿಲ್ಲ. ಆಚೆ ಬದಿಯಿಂದ ತೋಳು ಎಳೆಯುತ್ತಿದ್ದ ನಾದಿನಿ ತಟ್ಟನೆ ಕೈ ಬಿಟ್ಟಳು.

“ಅತ್ತಿಗೆ, ಅಣ್ಣನ ಮೊಣಕೈ ಒಳಗೆ ಏನಿದು ಕಪ್ಪಗೆ?”

“ಸೂಜಿ ಚುಚ್ಚಿದ ಜಾಗ.”

“ಆಸ್ಪತ್ರೇಲಿ ಇದ್ದಿದ್ದೇ ನಾಲ್ಕು ದಿನ. ಅಷ್ಟಕ್ಕೇ ಹೀಗಾಗತ್ತಾ?”

“ಆಸ್ಪತ್ರೆಯವರು ಚುಚ್ಚಿದ್ದಲ್ಲ. ನಾನು ಚುಚ್ಚಿದ್ದು.”

ನಾದಿನಿಗೆ ಅರ್ಥವಾಗಲಿಲ್ಲ. ಅಳು ಬಂದಿದ್ದರಿಂದ ಕೇಳಲೂ ಇಲ್ಲ.

ಹೊರಗಿನ ಕೋಣೆಯಲ್ಲಿ ಶಿಷ್ಯರು ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದರು. ಸತ್ತವರು ಡ್ರೈವಿಂಗ್ ಕಲಿಸುವ ಮೇಷ್ಟ್ರು. ಊರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರಿಂದ ಬೈಸಿಕೊಂಡವರೇ. “ನಾನು ಸೀದಾ ಗೋಡೆಗೆ ಗುದ್ದಿದೆ ಕಣ್ರೀ,” ಎಂದ ಔಷಧಿ ಅಂಗಡಿಯವನು. “ಮೇಷ್ಟ್ರು ಇಳಿದು ನೋಡಿ, ಗೋಡೆಗೆ ಏನೂ ಆಗಿಲ್ಲ, ಗಾಬರಿ ಆಗಬೇಡಿ ಅಂದ್ರು.” ನಗು ಬಂದವರು ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು.

*

ಪ್ರೊಫೆಸರಮ್ಮನ ಸಂಶೋಧನೆ ಬಿಳಿ ರಕ್ತಕಣಗಳ ಮೇಲೆ. ಮೈಗೆ ಹೊಕ್ಕ ರೋಗಾಣುಗಳನ್ನು ನುಂಗಿ ಕೊಲ್ಲುವುದು ಅವುಗಳ ಕೆಲಸ. ಕೆಲವರ ಕಣಗಳಿಗೆ ಹುಟ್ಟಿನಿಂದಲೇ ಆ ಕಸುವಿಲ್ಲ. ಅಂಥವರಿಗೆ ಸಣ್ಣ ಜ್ವರವೂ ಪ್ರಾಣಕ್ಕೆ ಕುತ್ತು ತರುತ್ತದೆ. ತಿಂಗಳಿಗೊಂದು ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡೇ ಅವರು ಬದುಕಬೇಕು. ಅದರ ಬದಲಿಗೆ ಒಂದು ಮಾತ್ರೆ ಸಿಕ್ಕೀತೇ ಎಂದು ಅವಳು ಅರ್ಧ ಆಯುಷ್ಯ ಸವೆಸಿದ್ದಳು.

ಮಾತ್ರೆಯ ಗುಣ ನೋಡಲು ರೋಗಿಯ ರಕ್ತದ ಪಕ್ಕದಲ್ಲೇ ಗಟ್ಟಿಮುಟ್ಟಾದ ಒಬ್ಬರ ರಕ್ತ ಇಡಬೇಕು. ಅವರದನ್ನು ನೂರು ಎಂದು ಹಿಡಿದರೆ ರೋಗಿಯದು ಎಷ್ಟು ಎಂಬ ಲೆಕ್ಕ. ಮೊದಮೊದಲು ನಾಲ್ವರು ರಕ್ತ ಕೊಡುತ್ತಿದ್ದರು. ಒಬ್ಬರಿಗೆ ವರ್ಗವಾಯಿತು, ಒಬ್ಬಳು ಬಸುರಿಯಾದಳು, ಇನ್ನೊಬ್ಬ ಸೂಜಿ ಕಂಡರೆ ಸಾಕು, ಧೊಪ್ಪನೆ ಬೀಳುತ್ತಿದ್ದ. ಕೊನೆಗೆ ಉಳಿದವರು ಮೇಷ್ಟ್ರು ಒಬ್ಬರೇ. ಪ್ರತಿ ಸೋಮವಾರ ಬೆಳಗ್ಗೆ ಲ್ಯಾಬಿನ ಮುಂದೆ ಕಾರು ನಿಲ್ಲಿಸಿ, ಅಂಗಿಯ ತೋಳು ಮಡಚಿಕೊಂಡೇ ಒಳಗೆ ಬರುತ್ತಿದ್ದರು.

“ಹೆಂಡ್ತಿ ರಕ್ತ ಹೀರ್ತಾಳೆ ಅಂತ ಎಲ್ಲ ಗಂಡಂದ್ರೂ ಗೋಳಾಡ್ತಾರೆ. ಸಾಕ್ಷಿ ಇರೋದು ನನ್ನೊಬ್ಬನ ಹತ್ರ,” ಎನ್ನುತ್ತಿದ್ದರು. ಲ್ಯಾಬಿನವರು ಅವರಿಗೆ ಇಟ್ಟ ಹೆಸರೇ ‘ನೂರು’.

ಹೋದ ವರ್ಷದಿಂದ ಮಾತ್ರೆ ತೆಗೆದುಕೊಂಡ ರೋಗಿಗಳ ರಕ್ತದ ಅಂಕೆ ನೂರರ ಕಡೆಗೆ ಏರತೊಡಗಿತು. ಇಪ್ಪತ್ತಿದ್ದದ್ದು ಮೂವತ್ತಾಯಿತು, ಐವತ್ತಾಯಿತು. ಪ್ರೊಫೆಸರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ದಿನಗಳಲ್ಲಿ ಮೇಷ್ಟ್ರು ಎರಡು ಪಾಠಗಳ ನಡುವೆ ಕಾರಿನಲ್ಲೇ ನಿದ್ದೆ ಹೋಗುತ್ತಿದ್ದರು.

“ಯಾಕೋ ಕ್ಲಚ್ ತುಳಿಯೋಕೂ ಸುಸ್ತು ಕಣೇ.”

“ವಯಸ್ಸಾಯ್ತಲ್ರೀ,” ಎಂದಳು ಅವಳು, ಕಂಪ್ಯೂಟರಿನಿಂದ ತಲೆ ಎತ್ತದೆ.

ಅಳತೆಗೋಲೇ ಕುಗ್ಗುತ್ತಿದ್ದರೆ ಬಟ್ಟೆ ಉದ್ದವಾದಂತೆ ಕಾಣುತ್ತದೆ. ದರ್ಜಿಗೆ ಗೊತ್ತಾಗುವ ಈ ಮಾತು ಅವಳಿಗೆ ಹೊಳೆಯಲಿಲ್ಲ. ಹೊಳೆದದ್ದು ಮೊನ್ನೆ, ಆಸ್ಪತ್ರೆಯ ಡಾಕ್ಟರು “ಇವರ ಮೂಳೆಮಜ್ಜೆ ಕೆಟ್ಟು ವರ್ಷದ ಮೇಲಾಗಿದೆ, ಬಿಳಿ ಕಣಗಳಲ್ಲಿ ಏನೂ ಉಳಿದಿಲ್ಲ, ನಿಮಗೆ ಗೊತ್ತಾಗ್ಲಿಲ್ವಾ?” ಎಂದು ಕೇಳಿದಾಗ. ಮಂಚದ ಮೇಲೆ ಮೇಷ್ಟ್ರು ಇನ್ನೂ ಉಸಿರಾಡುತ್ತಿದ್ದರು. ಸಣ್ಣ ಜ್ವರ ಎಂದೇ ಆಸ್ಪತ್ರೆ ಸೇರಿದ್ದರು.

*

ಅಂಗಿಯ ಗುಂಡಿ ಹಾಕಿ ಮುಗಿಸಿ ಪ್ರೊಫೆಸರಮ್ಮ ಅಡುಗೆಮನೆಗೆ ಬಂದಳು. ಅವಳ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ ಅಲ್ಲಿ ಕಾದಿದ್ದಳು.

“ನೋಡಿದ್ಯಾ?”

“ನೋಡಿದೆ ಮೇಡಂ. ಸರ್ ಬದಲು ನನ್ನ ರಕ್ತ, ವಾಚ್‌ಮನ್ ರಕ್ತ ಇಟ್ಟು ಎಲ್ಲಾ ಮತ್ತೆ ಮಾಡಿದೆ.” ಹುಡುಗಿ ಅಂಕೆಗಳ ಹಾಳೆ ಮುಂದೆ ಚಾಚಿದಳು. “ಒಬ್ರೂ ಏರಿಲ್ಲ. ಎಲ್ರೂ ಮೊದಲಿದ್ದಲ್ಲೇ ಇದಾರೆ.”

“ಇಳಿದೋರು ಇವರು.”

“ಇವತ್ತು ಏನೂ ಹೇಳಬೇಡಿ ಮೇಡಂ. ನಾಳೆ ನಾನೇ ಎಲ್ರಿಗೂ ಫೋನ್ ಮಾಡ್ತೀನಿ. ಒಂದು ದಿನದಲ್ಲಿ ಏನಾಗತ್ತೆ?”

ನಾಳೆ ಎಂಬುದು ಆ ಹೊತ್ತಿಗೆ ಬಲು ಹಿತವಾದ ಮಾತು. ಪ್ರೊಫೆಸರಮ್ಮ ಸರಿ ಎಂದು ತಲೆಯಾಡಿಸಿ ಹೊರಗೆ ಬಂದಳು.

ಹೊರಗೆ ಬೇಕರಿಯವಳು ನಿಂತಿದ್ದಳು. ಮಾತ್ರೆ ತೆಗೆದುಕೊಂಡ ರೋಗಿಗಳಲ್ಲಿ ಮೊದಲನೆಯವಳು. ಬಂದವಳೇ ಪ್ರೊಫೆಸರಮ್ಮನ ಎರಡೂ ಕೈ ಹಿಡಿದುಕೊಂಡಳು.

“ಎಂಥಾ ಮನುಷ್ಯ ಡಾಕ್ಟ್ರಮ್ಮ! ನನಗೆ ಜೀವ ಕೊಟ್ಟೋರ ಮನೇಲೇ ಹೀಗಾಗಬೇಕಾ?”

“ನಿಮ್ಮ ಕೈ ಬಿಸಿ ಇದೆ.”

“ಓವನ್ ಮುಂದಿಂದ ಹಾಗೇ ಎದ್ದು ಬಂದೆ, ಅದಕ್ಕೆ.”

“ಓವನ್ ಬಿಸಿ ಇಷ್ಟು ಹೊತ್ತು ಇರಲ್ಲ. ಯಾವಾಗಿಂದ ಜ್ವರ?”

“ಮೊನ್ನೆಯಿಂದ. ಸಣ್ಣದು ಬಿಡಿ. ನಿಮ್ಮ ಮಾತ್ರೆ ಇದೆಯಲ್ಲಾ, ಭಯ ಏನು? ಇಂಜೆಕ್ಷನ್ ಇನ್ನು ಸಾಕು ಅಂತ ನೀವು ಹೇಳಿದ ದಿನದಿಂದ ಒಂದೂ ಚುಚ್ಚಿಸ್ಕೊಂಡಿಲ್ಲ.”

ಬಾಗಿಲಲ್ಲಿ ನಿಂತ ಹುಡುಗಿ ಬೇಡ ಎಂದು ಕಣ್ಸನ್ನೆ ಮಾಡಿದಳು.

“ಆ ಮಾತ್ರೆ ಕೆಲಸ ಮಾಡಿಲ್ಲ,” ಎಂದಳು ಪ್ರೊಫೆಸರಮ್ಮ. “ನೀವು ಹುಷಾರಾಗಿಲ್ಲ. ನಿಮ್ಮನ್ನ ಇವರ ಪಕ್ಕ ಇಟ್ಟು ಅಳೀತಿದ್ದೆ. ಇವರು ಒಳಗೇ ಸಾಯ್ತಾ ಇದ್ರು. ಅದಕ್ಕೆ ನೀವು ಚೆನ್ನಾಗಿ ಕಂಡ್ರಿ.”

ಬೇಕರಿಯವಳು ಅವಳ ಬೆನ್ನು ಸವರಿದಳು. “ಸಂಕಟದಲ್ಲಿ ಏನೇನೋ ಮಾತಾಡ್ತಿದೀರಿ. ಬನ್ನಿ, ಒಂದು ಗುಟುಕು ನೀರು ಕುಡೀರಿ.”

“ಬುದ್ಧಿ ಸರಿಯಾಗೇ ಇದೆ. ತಪ್ಪು ನಂದು.”

ಬೇಕರಿಯವಳು ಅವಳ ಮುಖ ನೋಡಿದಳು, ಬಾಗಿಲಲ್ಲಿ ಅಳುತ್ತಿದ್ದ ಹುಡುಗಿಯನ್ನೂ ನೋಡಿದಳು. ಬೆನ್ನ ಮೇಲಿನ ಕೈ ನಿಧಾನವಾಗಿ ಕೆಳಗೆ ಬಂತು.

“ಹುಷಾರಾದೆ ಅಂತ ಬೀದಿಗೆಲ್ಲಾ ಕೇಕ್ ಹಂಚಿದೆ ನಾನು,” ಎಂದಳು.

ಅಷ್ಟರಲ್ಲಿ ವ್ಯಾನ್ ಬಂತು. ಶಿಷ್ಯರು ಮೇಷ್ಟ್ರನ್ನು ಸ್ಟ್ರೆಚರಿನಲ್ಲಿ ಎತ್ತಿ ಒಳಗಿಟ್ಟರು. ಪಕ್ಕದ ಬೆಂಚಿನಲ್ಲಿ ಮನೆಯವರಿಗೆ ಜಾಗ. ಪ್ರೊಫೆಸರಮ್ಮ ಬೇಕರಿಯವಳನ್ನು ಮೊದಲು ಹತ್ತಿಸಿ ತಾನೂ ಹತ್ತಿ, ಚಿತಾಗಾರಕ್ಕೆ ಮುಂಚೆ ಆಸ್ಪತ್ರೆಗೆ ಹೋಗಬೇಕು ಎಂದು ಡ್ರೈವರಿಗೆ ಹೇಳಿದಳು.

“ಅತ್ತಿಗೆ, ನಿಮಗೇನು ಮರುಳಾ?” ನಾದಿನಿ ಹೌಹಾರಿದಳು. “ಅಣ್ಣನ್ನ ಬೀದೀಲಿ ನಿಲ್ಲಿಸ್ತೀರಾ? ಆಯಮ್ಮನ್ನ ಬೇರೆ ಯಾರಾದ್ರೂ ಕರ್ಕೊಂಡು ಹೋಗ್ಲಿ.”

“ಇವರು ಹುಷಾರಾಗಿದಾರೆ ಅಂತ ಅಲ್ಲಿ ಬರೆದುಕೊಟ್ಟಿರೋಳು ನಾನು. ನಾನೇ ಹೋಗಿ ಸುಳ್ಳು ಅಂತ ಹೇಳದಿದ್ರೆ ಜ್ವರದ ಮಾತ್ರೆ ಕೊಟ್ಟು ಮನೆಗೆ ಕಳಿಸ್ತಾರೆ.”

“ಜನ ಏನಂದಾರು?”

“ಅನ್ನಲಿ.”

ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಣ್ಣನ ಪಾದದ ಬಳಿ ಕುಳಿತಳು. ದಾರಿಯುದ್ದಕ್ಕೂ ಬೇಕರಿಯವಳ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು.

ವ್ಯಾನ್ ಆಸ್ಪತ್ರೆಯ ಮುಂಬಾಗಿಲಲ್ಲಿ ನಿಂತಿತು. ಹಿಂದೆ ಬಂದ ಶಿಷ್ಯರ ಕಾರುಗಳೂ ಯಾಕೆಂದು ತಿಳಿಯದೆ ಸಾಲಾಗಿ ನಿಂತವು. ಕಾವಲುಗಾರ ಕೋಲು ಬೀಸುತ್ತಾ ಓಡಿ ಬಂದ.

“ಏಯ್, ಹೆಣ ಇಲ್ಲಿ ತರಬಾರದು! ಹಿಂದಿನ ಗೇಟಿಗೆ ಹೋಗಿ!”

“ಹೆಣ ಇಳಿಸಲ್ಲಪ್ಪ. ಪೇಷೆಂಟ್ ಇದಾರೆ,” ಎಂದು ಪ್ರೊಫೆಸರಮ್ಮ ಇಳಿದು, ಹಿಂದೆ ತಿರುಗಿ ಕೈ ಚಾಚಿದಳು.

ಬೇಕರಿಯವಳು ಆ ಕೈ ಹಿಡಿಯಲಿಲ್ಲ. ಮೇಷ್ಟ್ರ ಸ್ಟ್ರೆಚರಿನ ಕಂಬಿ ಹಿಡಿದುಕೊಂಡು ಒಬ್ಬಳೇ ಕೆಳಗಿಳಿದಳು.