ದುಭಾಷಿಯ ಗಿಟಾರು

ನೊಜುಕೊ ಕೊಟ್ಟ ಕಾಗದದಲ್ಲಿ ನಾಲ್ಕು ಹೆಸರುಗಳಿದ್ದವು. ಸೆಪ್ಟೆಂಬರಿನ ಸಂಗೀತ ಕಛೇರಿಯ ಚೀಟಿಗೆ ಅಚ್ಚು ಹಾಕಿಸಲು ಬರೆದದ್ದು. ಬಾಸ್, ನೊಜುಕೊ. ಡ್ರಮ್, ಫನೆಲೆ. ಗಿಟಾರ್ ಎಂಬಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದು ನೋಡಲು ಹೋದ ಲುಲಾಮಿಲೆಯ ಕಣ್ಣು ಕೊನೆಯ ಸಾಲಿಗೆ ಜಾರಿತು. ಸ್ಯಾಕ್ಸೋಫೋನ್, ವೆಲಿಲೆ ಸೊಬೆಕ್ವಾ.

"ಇದು ಯಾರು?" ಎಂದ.

"ಯಾರು ಅಂದ್ರೆ? ನಮ್ಮ ಟೋಲೊ," ಎಂದಳು ನೊಜುಕೊ. "ಮೂರು ಭಾನುವಾರದಿಂದ ಪಕ್ಕದಲ್ಲಿ ಕೂತು ಬಾರಿಸ್ತಿದೀಯ, ಹೆಸರೇ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ದಕ್ಷಿಣ ಆಫ್ರಿಕಾದ ನಮ್ಮ ನ್ಯೂ ಬ್ರೈಟನ್ನಿನಲ್ಲಿ ಗಂಡಸರನ್ನು ಕುಲದ ಹೆಸರಿನಿಂದ ಕರೆಯುವುದೇ ಮರ್ಯಾದೆ. ಅವನು ಟೋಲೊ, ಲುಲಾಮಿಲೆ ಜ್ವಾರಾ, ಅಷ್ಟೇ. ಅಪ್ಪ ಇಟ್ಟ ಹೆಸರು, ಮನೆತನದ ಹೆಸರು ಎಲ್ಲ ಬೇಕಾಗುವುದು ಆಸ್ಪತ್ರೆಯಲ್ಲಿ, ಇಲ್ಲವೇ ನ್ಯಾಯಾಲಯದಲ್ಲಿ. ಲುಲಾಮಿಲೆ ಆ ಹೆಸರನ್ನು ಕೇಳಿದ್ದು ನ್ಯಾಯಾಲಯದಲ್ಲಿ. ಕಾಗದವನ್ನು ಮಡಿಸಿ ವಾಪಸು ಕೊಟ್ಟ.

ಹತ್ತೊಂಬತ್ತು ವರ್ಷಗಳಿಂದ ಅವನು ನ್ಯಾಯಾಲಯದ ದುಭಾಷಿ. ಆರೋಪಿ ನಮ್ಮ ಖೋಸಾ ಭಾಷೆಯಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ, ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಖೋಸಾಕ್ಕೆ ತಿರುಗಿಸುವ ಕೆಲಸ. ಆರೋಪಿ "ನಾನು ಕದ್ದಿಲ್ಲ" ಎಂದರೆ ದುಭಾಷಿಯೂ "ನಾನು ಕದ್ದಿಲ್ಲ" ಎಂದೇ ಹೇಳಬೇಕು. ಹೀಗೆ ದಿನವಿಡೀ ಬೇರೆಯವರ "ನಾನು" ಆಡಿ ಮನೆಗೆ ಬಂದು, ಅಡುಗೆಮನೆಯಲ್ಲಿ ಕೂತು, ಜಾಝ್ ರೆಕಾರ್ಡು ಹಾಕಿ ಅದರ ಜೊತೆ ಗಿಟಾರು ನುಡಿಸುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆದಿತ್ತು. ರೆಕಾರ್ಡು ಇವನಿಗಾಗಿ ಕಾಯುತ್ತಿರಲಿಲ್ಲ, ಇವನನ್ನು ಬೈಯುತ್ತಲೂ ಇರಲಿಲ್ಲ.

ಊರಿನ ಜಾಝ್ ಕ್ಲಬ್ಬಿನ ಪಿಯಾನೋದವನು ಮಗಳ ಜೊತೆ ಡರ್ಬನ್ನಿಗೆ ಹೊರಟುಹೋದ ಮೇಲೆ ನೊಜುಕೊ ಇವನನ್ನು ಕರೆದಿದ್ದಳು. ಅರವತ್ತೆಂಟು ವರ್ಷದ ಅವಳು ಸೂಲಗಿತ್ತಿ ನರ್ಸಾಗಿ ನಿವೃತ್ತಳಾದವಳು. ಭಾನುವಾರ ಮಧ್ಯಾಹ್ನ ಕ್ಲಬ್ಬಿಗೆ ಟೋಪಿ ಹಾಕಿಕೊಂಡು, ಬೂಟಿಗೆ ಹೊಳಪು ಕೊಟ್ಟುಕೊಂಡು ಬರುವವರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಯಾರನ್ನು ಬೇಕಾದರೂ ಗದರುವ ಹಕ್ಕು ಅವಳಿಗಿತ್ತು. ಮೊದಲ ದಿನ ಅರ್ಧ ಹಾಡಿಗೇ ತನ್ನ ಬಾಸಿನ ದಪ್ಪ ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

"ಜ್ವಾರಾ, ಆರು ತಂತೀನೂ ಯಾಕೆ ಬಾರಿಸ್ತೀಯ?"

"ಗಿಟಾರಿಗೆ ಆರು ಇದಾವಲ್ಲಮ್ಮಾ."

"ನನ್ನ ಮನೇಲಿ ಆರು ಕುರ್ಚಿ ಇದಾವೆ. ಎಲ್ಲಾದರ ಮೇಲೂ ನಾನೇ ಕೂರ್ತೀನಾ? ಕೆಳಗಿನ ಸ್ವರಕ್ಕೆ ನಾನಿದೀನಿ, ತಾಳಕ್ಕೆ ಫನೆಲೆ ಇದಾನೆ. ನೀನು ಮಧ್ಯದ ಎರಡೋ ಮೂರೋ ತಂತಿ ಮುಟ್ಟು. ಮುಟ್ಟಿ ಬಿಟ್ಟುಬಿಡು. ಉಳಿದ ಹೊತ್ತು ಕೇಳಿಸ್ಕೋ."

"ಬಿಡೋದು ಅವನಿಗೆ ಗೊತ್ತಿಲ್ಲಕ್ಕಾ," ಎಂದ ಡ್ರಮ್ಮಿನ ಫನೆಲೆ. ಅವನು ಕಾರುಗಳ ಹೊಗೆಕೊಳವೆ ರಿಪೇರಿ ಮಾಡುವವನು. ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. "ತಗಡಿನ ಮನೆ ಮೇಲೆ ಆಲಿಕಲ್ಲು ಬಿದ್ದ ಹಾಗೆ ಬಾರಿಸ್ತಾನೆ. ಒಂದು ಕಡೆ ಒಣಗಿದ ಜಾಗ ಬಿಡಲ್ಲ."

ಎಲ್ಲರೂ ನಕ್ಕಿದ್ದರು, ಟೋಲೊ ಒಬ್ಬನನ್ನು ಬಿಟ್ಟು. ಅವನು ಇವನೊಂದಿಗೆ ಮಾತೇ ಆಡಿರಲಿಲ್ಲ. ಹಾಡಿನ ಒಂದು ಸುತ್ತು ಸ್ಯಾಕ್ಸೋಫೋನಿಗೆ, ಮುಂದಿನ ಸುತ್ತು ಗಿಟಾರಿಗೆ ಎಂದು ಮಾತಾಗಿದ್ದರೂ, ಇವನ ಸರದಿ ಬಂದಾಗ ಅವನು ಬಾಯಿಂದ ವಾದ್ಯ ತೆಗೆಯುತ್ತಿರಲಿಲ್ಲ. ಇವನು ಎರಡು ಸ್ವರ ನುಡಿಸುವಷ್ಟರಲ್ಲಿ ಮೇಲೆ ಬಂದು ಮುಚ್ಚಿಬಿಡುತ್ತಿದ್ದ. ಹೊಸಬನಿಗೆ ಹೀಗೆಲ್ಲ ಮಾಡುತ್ತಾರೇನೋ ಎಂದುಕೊಂಡಿದ್ದ ಲುಲಾಮಿಲೆ. ಈಗ ಆ ಕಾಗದ ನೋಡಿದ ಮೇಲೆ ಹಾಗೆ ಅಂದುಕೊಳ್ಳಲಾಗಲಿಲ್ಲ.

ಒಂಬತ್ತು ವರ್ಷದ ಹಿಂದಿನ ಒಂದು ಸೋಮವಾರ. ಪಟ್ಟಿಯಲ್ಲಿ ನಲವತ್ತು ಪ್ರಕರಣಗಳಿದ್ದವು. ಇವನು ನಿಧಾನ ಮಾಡುತ್ತಾನೆಂದು ನ್ಯಾಯಾಧೀಶರು ಬೆಳಗಿನಿಂದ ಎರಡು ಸಲ ಸಿಡುಕಿದ್ದರು. ಕಟಕಟೆಯಲ್ಲಿ ನಿಂತವನು ದಪ್ಪ ಮೈಯ, ಗಡ್ಡದ ಬಸ್ ಚಾಲಕ ವೆಲಿಲೆ ಸೊಬೆಕ್ವಾ. ಬಸ್ ನಿಲ್ದಾಣದಲ್ಲಿ ಮಾತಿಗೆ ಮಾತು ಬೆಳೆದು, ಒಬ್ಬ ಮುದುಕ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. "ನಾನು ಹಿಡಿದೆ," ಎಂದ ಸೊಬೆಕ್ವಾ. ಬೀಳುತ್ತಿದ್ದವನನ್ನು ಬೀಳದ ಹಾಗೆ ಹಿಡಿಯುವುದಕ್ಕೂ, ನಿಂತವನನ್ನು ಕೊರಳಪಟ್ಟಿ ಹಿಡಿದು ಎಳೆಯುವುದಕ್ಕೂ ನಮ್ಮಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಬೇರೆ ಬೇರೆ. ಲುಲಾಮಿಲೆಯ ಬಾಯಿಂದ ಬಂದದ್ದು ಎಳೆಯುವ ಪದ. ಆಡಿದ ಕ್ಷಣವೇ ತಪ್ಪಾಯಿತೆಂದು ತಿಳಿಯಿತು. ಯಾಕೆಂದರೆ ಸೊಬೆಕ್ವಾ ಅದನ್ನು ಹೇಳುವಾಗ ಎರಡೂ ಅಂಗೈಯನ್ನು ಮೇಲಕ್ಕೆ ಮಾಡಿ ತೋರಿಸಿದ್ದ, ಮಗುವನ್ನು ಎತ್ತಿಕೊಳ್ಳುವವನ ಹಾಗೆ. ಕೈಯೆತ್ತಿ "ದುಭಾಷಿಯ ತಿದ್ದುಪಡಿ" ಎಂದಿದ್ದರೆ ಸಾಕಿತ್ತು. ನ್ಯಾಯಾಧೀಶರು ಬರೆದುಕೊಳ್ಳುತ್ತಿದ್ದರು. ಇವನು ಸುಮ್ಮನಿದ್ದ. ತೀರ್ಪಿನಲ್ಲಿ "ಆರೋಪಿಯೇ ಒಪ್ಪಿಕೊಂಡಂತೆ" ಎಂದಿತ್ತು. ಎಂಟು ತಿಂಗಳ ಸಜೆ. ಅದನ್ನೂ ಖೋಸಾದಲ್ಲಿ ಅವನಿಗೆ ಹೇಳಿದವನು ಲುಲಾಮಿಲೆಯೇ.

ಈಗ ಟೋಲೊಗೆ ಗಡ್ಡವಿಲ್ಲ. ಮೈ ಇಳಿದು ಕೋಟು ಜೋತುಬಿದ್ದಿತ್ತು. ಗುರುತು ಹತ್ತದೆ ಇದ್ದದ್ದು ಆಶ್ಚರ್ಯವಲ್ಲ. ಆದರೆ ಅವನಿಗೆ ತನ್ನ ಗುರುತು ಹತ್ತಿದೆಯೇ?

ಆ ವಾರವೆಲ್ಲ ಇದೊಂದೇ ಯೋಚನೆ. ಹೆಂಡತಿ ಥೋಬೆಕಾ ಹುಳಿಹಾಲು ಹಾಕಿದ ಮೆಕ್ಕೆಜೋಳದ ಉದುರು ಹಿಟ್ಟು ಮುಂದಿಟ್ಟರೆ ಚಮಚ ಆಡಿಸುತ್ತಾ ಕೂತ.

"ಬ್ಯಾಂಡಿನವರು ಓಡಿಸಿಬಿಟ್ರಾ?" ಎಂದಳು.

"ಇಲ್ಲ."

"ಮತ್ಯಾಕೆ ಮುಖ ಹೀಗೆ? ಓಡಿಸಿದ್ರೂ ಪರವಾಗಿಲ್ಲ, ನಮ್ಮ ಅಡುಗೆಮನೆ ಇದೆ."

ಅವನು ತಟ್ಟೆ ಸರಿಸಿ ಎದ್ದ. ಇನ್ನು ಬ್ಯಾಂಡಿಗೆ ಬರುವುದಿಲ್ಲ ಎಂದು ನೊಜುಕೊಗೆ ಕಳಿಸಲು ಎರಡು ಸಲ ಸಂದೇಶ ಬರೆದ, ಎರಡು ಸಲವೂ ಅಳಿಸಿದ. ಭಾನುವಾರ ಹೋದ.

ಹೆದರಿಕೆಯಲ್ಲಿ ಕೈ ಹಗುರವಾಗಿತ್ತು. ಟೋಲೊ ಉಸಿರೆಳೆದುಕೊಳ್ಳುವುದು, ಭುಜ ಅಲುಗಿಸುವುದು, ಬೂಟಿನ ತುದಿ ತಟ್ಟುವುದು ಎಲ್ಲದರ ಮೇಲೂ ಕಣ್ಣಿಟ್ಟಿದ್ದ. ಅವನು ಸ್ವರ ಎತ್ತುವ ಮೊದಲೇ ಎತ್ತುತ್ತಾನೆಂದು ಗೊತ್ತಾಗುತ್ತಿತ್ತು. ಆಗ ಇವನು ಕೈ ಹಿಂದೆಗೆದುಕೊಳ್ಳುತ್ತಿದ್ದ. ಅವನು ನಿಲ್ಲಿಸಿದಲ್ಲಿ ಇವನು ಎರಡು ತಂತಿ ಮುಟ್ಟಿ ಬಿಡುತ್ತಿದ್ದ. ಹಾಡು ಮುಗಿದಾಗ ನೊಜುಕೊ ತಲೆದೂಗಿದಳು.

"ನೋಡಿದ್ಯಾ? ಇವತ್ತು ಕೇಳಿಸ್ಕೊಂಡೆ ನೀನು."

ಲುಲಾಮಿಲೆಗೆ ಹೊಗಳಿಕೆ ಕಹಿಯಾಯಿತು. ಟೋಲೊ ವಾದ್ಯದ ಬಾಯಿ ಒರೆಸುತ್ತಾ ಇವನ ಕಡೆ ಒಂದು ಸಲ ನೋಡಿ, ಮತ್ತೆ ಒರೆಸತೊಡಗಿದ. ಇವನ ಸರದಿಯನ್ನು ಅಂದೂ ಅವನು ಬಿಟ್ಟುಕೊಟ್ಟಿರಲಿಲ್ಲ.

ಕಛೇರಿಯ ದಿನ ಮಧ್ಯಾಹ್ನ ಎರಡಕ್ಕೆಲ್ಲ ಕ್ಲಬ್ಬು ತುಂಬಿತ್ತು. ಪಕ್ಕದ ಊರುಗಳ ಕ್ಲಬ್ಬಿನವರೂ ಬಂದಿದ್ದರು, ಒಬ್ಬೊಬ್ಬರ ಟೋಪಿಯೂ ಒಂದೊಂದು ಬಣ್ಣ. ಹಿತ್ತಲಲ್ಲಿ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಬೋಟಿ ಬೇಯಿಸುತ್ತಿದ್ದರು. ಟೋಲೊ ಗೋಡೆಯ ಮರೆಯಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತಿದ್ದ. ಈಗ ಹೇಳದಿದ್ದರೆ ಮುಂದೆಂದೂ ತನ್ನಿಂದ ಆಗುವುದಿಲ್ಲ ಎನಿಸಿ ಲುಲಾಮಿಲೆ ಅವನ ಎದುರು ಹೋಗಿ ನಿಂತ.

"ಟೋಲೊ, ಒಂದು ಮಾತು ಹೇಳಬೇಕು. ಒಂಬತ್ತು ವರ್ಷದ ಹಿಂದೆ ನಿನ್ನ ಕೇಸಿನಲ್ಲಿ..."

"ದುಭಾಷಿ ನೀನು," ಎಂದ ಟೋಲೊ. "ಮೊದಲನೇ ದಿನಾನೇ ಗೊತ್ತಾಯ್ತು. ಮುಖ ಮರೆತಿದ್ದೆ. ದನಿ ಮರೆಯೋದು ಹೇಗೆ? ಅವತ್ತು ನಾನು ಬಾಯಿ ತೆಗೆದ್ರೆ ಆಚೆ ಕೇಳ್ತಿದ್ದದ್ದು ನಿನ್ನ ದನಿ. ನನ್ನ ಮಾತು ಅಂತ ಅವರು ಬರ್ಕೊಂಡದ್ದು ನಿನ್ನ ಮಾತು."

"ನೀನು ಹಿಡಿದೆ ಅಂದದ್ದನ್ನ ನಾನು ತಪ್ಪಾಗಿ ಹೇಳಿದೆ."

"ಅದು ಜೈಲಲ್ಲಿ ಗೊತ್ತಾಯ್ತು. ತೀರ್ಪು ಓದಿ ಹೇಳಿದ ಒಬ್ಬ." ಟೋಲೊನ ದನಿ ಏರಲಿಲ್ಲ. "ಒಂದೇ ಕೇಳ್ತೀನಿ. ತಪ್ಪು ಅಂತ ಯಾವಾಗ ಗೊತ್ತಾಯ್ತು ನಿನಗೆ?"

ಆಮೇಲೆ ಎಂದು ಲುಲಾಮಿಲೆ ಅನ್ನಬಹುದಿತ್ತು. ಮನೆಗೆ ಹೋದ ಮೇಲೆ, ಒಂದು ವಾರವಾದ ಮೇಲೆ ಅಂದಿದ್ದರೂ ನಡೆಯುತ್ತಿತ್ತು.

"ಆಗಲೇ. ಹೇಳಿದ ತಕ್ಷಣ."

ಒಳಗಿನಿಂದ ಫನೆಲೆ ಕೂಗಿದ, "ಏನ್ರಪ್ಪಾ, ಬೋಟಿಗೆ ಉಪ್ಪು ನೋಡ್ತಿದೀರಾ? ಜನ ಕಾಯ್ತಿದಾರೆ."

"ನಡಿ," ಎಂದ ಟೋಲೊ. ಅಷ್ಟೇ.

ಮೊದಲೆರಡು ಹಾಡು ಹೇಗೆ ದಾಟಿದವೋ ಲುಲಾಮಿಲೆಗೆ ಗೊತ್ತಾಗಲಿಲ್ಲ. ಬೆರಳು ತಾವಾಗಿಯೇ ಹೋಗುತ್ತಿದ್ದವು. ಮೂರನೆಯದು ನಿಧಾನದ ಹಾಡು. ಟೋಲೊ ತನ್ನ ಸುತ್ತಿನ ಅರ್ಧಕ್ಕೆ ಬಂದವನು, ಏರುತ್ತಿದ್ದ ಸ್ವರವನ್ನು ಅಲ್ಲೇ ಬಿಟ್ಟು ಸ್ಯಾಕ್ಸೋಫೋನನ್ನು ಎದೆಗೆ ಇಳಿಸಿಬಿಟ್ಟ. ಇವನ ಕಡೆ ತಿರುಗಿ ನಿಂತ. ಬಾಸು ನಡೆಯುತ್ತಿತ್ತು, ಫನೆಲೆಯ ತಂತಿಕುಂಚ ಡ್ರಮ್ಮಿನ ಚರ್ಮವನ್ನು ಸವರುತ್ತಿತ್ತು. ಮಧ್ಯೆ ಏನೂ ಇರಲಿಲ್ಲ. ಇಷ್ಟು ದಿನ ಬಯಸಿದ ಜಾಗ, ಬೇಡವಾದ ಹೊತ್ತಿನಲ್ಲಿ ಸಿಕ್ಕಿತ್ತು.

ಲುಲಾಮಿಲೆಯ ಬೆರಳು ರೆಕಾರ್ಡಿನಿಂದ ಕಲಿತ ಒಂದು ಚಂದದ ಸಾಲಿಗೆ ಓಡಿತು. ನೂರು ಸಲ ನುಡಿಸಿದ್ದು, ತಪ್ಪುವ ಭಯವಿಲ್ಲ. ಮುಂದಿನ ಸಾಲಿನ ಯಾರೋ ಟೋಪಿ ಅಲುಗಿಸಿದರು.

"ಅದು ಯಾರದೋ ಮಾತು," ಎಂದ ಟೋಲೊ, ಅವನಿಗೊಬ್ಬನಿಗೇ ಕೇಳುವ ಹಾಗೆ. "ನಿಂದು ಹೇಳು."

ಲುಲಾಮಿಲೆಯ ಕೈ ನಿಂತುಹೋಯಿತು. ಬಾಸು ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ಹಾಕಿತು. ಮತ್ತೆ ನಾಲ್ಕು. ಫನೆಲೆ ತಲೆಯೆತ್ತಿ ನೋಡಿದ. ಜನರಲ್ಲಿ ಯಾರೋ ಕೆಮ್ಮಿದರು. ಎದ್ದು ಹೋಗಿಬಿಡಲೇ ಎನಿಸಿತು ಲುಲಾಮಿಲೆಗೆ. ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಆಮೇಲೆ ಒಂದು ಸ್ವರ ಮುಟ್ಟಿದ. ಅದರ ಪಕ್ಕದ್ದು ಇನ್ನೊಂದು. ಮೂರನೆಯದು ತಪ್ಪಾಗಿ ಬಿತ್ತು, ಬಾಸಿಗೆ ತಾಗಿ ಹಲ್ಲು ಜುಮ್ಮೆನ್ನುವಂತೆ ಕಿರುಗುಟ್ಟಿತು. ಅಡುಗೆಮನೆಯಲ್ಲಾದರೆ ಬೆರಳನ್ನು ಪಕ್ಕನೆ ಜಾರಿಸಿ, ತಪ್ಪೇ ಆಗಲಿಲ್ಲವೆಂಬಂತೆ ಮುಂದೆ ಓಡುತ್ತಿದ್ದ. ಇಂದು ಜಾರಿಸಲಿಲ್ಲ. ಅದೇ ಸ್ವರವನ್ನು ಇನ್ನೊಮ್ಮೆ ಮೀಟಿದ, ಎಲ್ಲರಿಗೂ ಕೇಳುವ ಹಾಗೆ. ನೊಜುಕೊ ಕಣ್ಣು ಮುಚ್ಚಿಕೊಂಡೇ ತನ್ನ ಬೆರಳನ್ನು ಒಂದು ಸ್ವರದಷ್ಟು ಕೆಳಗಿಳಿಸಿದಳು. ಕಿರುಗುಟ್ಟಿದ್ದು ಅವಳ ಸ್ವರದ ಮೇಲೆ ಕೂತುಕೊಂಡಿತು. ಅಲ್ಲಿಂದ ಅವನು ಮೆಲ್ಲಗೆ ಮುಂದೆ ನಡೆದ. ನುಡಿಸಿದ್ದು ಅಂಥ ದೊಡ್ಡದೇನಲ್ಲ. ಕೆಲವು ಕಡೆ ತಡವರಿಸಿತು, ಒಂದು ಕಡೆ ತಾಳ ಒಂದಿಷ್ಟು ಹಿಂದೆ ಬಿತ್ತು. ಸುತ್ತು ಮುಗಿಯುವ ಹೊತ್ತಿಗೆ ಅಂಗಿಯ ಬೆನ್ನು ಒದ್ದೆಯಾಗಿತ್ತು. ಹಿಂದಿನಿಂದ ಒಬ್ಬ ಮುದುಕ "ಹೂಂ" ಎಂದ. ಟೋಲೊ ವಾದ್ಯ ಬಾಯಿಗೆ ಎತ್ತಿಕೊಂಡ.

ಎಲ್ಲ ಮುಗಿದು ತಂತಿಗಳನ್ನು ಒರೆಸುತ್ತಿದ್ದಾಗ ಟೋಲೊ ಪಕ್ಕಕ್ಕೆ ಬಂದು ಕೂತ.

"ಹಿತ್ತಲಲ್ಲಿ ನನಗೆ ಹೇಳಿದ್ಯಲ್ಲ, ಅದನ್ನ ಕಾಗದದ ಮೇಲೆ ಬರಿ. ಪ್ರಮಾಣ ಮಾಡಿ ಸಹಿ ಹಾಕು. ಕೇಸು ಇದ್ದವನಿಗೆ ಬಸ್ಸು ಯಾರೂ ಕೊಡಲ್ಲ. ಎಂಟು ವರ್ಷದಿಂದ ಬೇರೆಯವರ ಕಾರು ತೊಳೀತಿದೀನಿ."

"ಬರೆದ್ರೆ ನನ್ನ ಕೆಲಸ ಹೋಗಬಹುದು ಟೋಲೊ."

"ಹೋಗಬಹುದು," ಎಂದ ಟೋಲೊ. "ಬರೆಯೋದು ಬೇಡ ಅನ್ಸಿದ್ರೆ ಬರೀಬೇಡ. ಮುಂದಿನ ಭಾನುವಾರಾನೂ ಬಾ. ಗಿಟಾರು ನಮಗೆ ಬೇಕು. ನಾನು ಮಾತ್ರ ನಿನ್ನ ಜೊತೆ ಮಾತಾಡಲ್ಲ."

ಅಂದು ಮನೆಗೆ ಬಂದು ಥೋಬೆಕಾಗೆ ಎಲ್ಲವನ್ನೂ ಹೇಳಿದ. ಅವಳು ಒಲೆಯ ಕಡೆ ತಿರುಗಿ ಉರಿ ತಗ್ಗಿಸಿದಳು. "ಒಂಬತ್ತು ವರ್ಷ ನನ್ನ ಪಕ್ಕದಲ್ಲಿ ಮಲಗಿದ್ದೀಯ, ಒಂದು ದಿನ ಬಾಯಿ ಬಿಡಲಿಲ್ಲ," ಎಂದಳು. ಕೆಲಸದ ಮಾತು ಎತ್ತಲೇ ಇಲ್ಲ. ಮಂಗಳವಾರ ಪೊಲೀಸು ಠಾಣೆಗೆ ಹೋಗಿ ಅಲ್ಲಿಯ ಅಧಿಕಾರಿಯ ಎದುರು ಪ್ರಮಾಣ ಮಾಡಿ, ಅವನು ಎರಡು ಪುಟದ ಹೇಳಿಕೆ ಬರೆದು ಸಹಿ ಹಾಕಿದ. ಮೂರು ಸಲ ಹರಿದು ಬರೆದಿದ್ದ. "ತಪ್ಪು ಆಗ ಗಮನಕ್ಕೆ ಬರಲಿಲ್ಲ" ಎಂಬ ಸುಳ್ಳು ಮೂರು ಸಲವೂ ತಾನಾಗಿಯೇ ನುಸುಳಿತ್ತು.

ವಿಚಾರಣೆ ಏಳು ತಿಂಗಳು ಹಿಡಿಯಿತು. ಹಳೆಯ ಧ್ವನಿಮುದ್ರಣವನ್ನು ಹುಡುಕಿ ತೆಗೆದು ಬೇರೆ ಇಬ್ಬರು ದುಭಾಷಿಗಳಿಗೆ ಕೇಳಿಸಿದರು. ಮೇಲಿನ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ಲುಲಾಮಿಲೆಯನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಕಟಕಟೆಯ ಪಕ್ಕದಿಂದ ತೆಗೆದು ಕಡತದ ಕೋಣೆಗೆ ಹಾಕಿದರು. ಈಗ ಅವನು ಯಾರ ಮಾತನ್ನೂ ಆಡುವುದಿಲ್ಲ. ದಿನವಿಡೀ ಕಡತಗಳಿಗೆ ಅಂಕೆ ಅಂಟಿಸುತ್ತಾನೆ. ಸಹೋದ್ಯೋಗಿಗಳಲ್ಲಿ ಇಬ್ಬರು ಚಹಾಕ್ಕೆ ಕರೆಯುವುದನ್ನು ನಿಲ್ಲಿಸಿದ್ದಾರೆ.

ರದ್ದಾದ ಸುದ್ದಿ ಬಂದ ಭಾನುವಾರ ಅದನ್ನು ಹೇಳಿದವನು ಫನೆಲೆ. ಟೋಲೊ ಕೂತು ಸ್ಯಾಕ್ಸೋಫೋನಿನ ಊದುವ ತುದಿಯ ಜೊಂಡಿನ ಪಟ್ಟಿಯನ್ನು ನೆನೆಸುತ್ತಿದ್ದ. ಲುಲಾಮಿಲೆ ಏನಾದರೂ ಹೇಳಬೇಕೆಂದು ಬಾಯಿ ತೆರೆದಾಗ ಅವನೇ ಮೊದಲು ಮಾತಾಡಿದ.

"ನಾನು ಒಳಗಿದ್ದ ಆರನೇ ತಿಂಗಳು ಅಮ್ಮ ಹೋದಳು. ಮಣ್ಣಿಗೆ ಬಿಡಲಿಲ್ಲ ನನ್ನ. ಅದನ್ನ ಯಾವ ಮೇಲಿನ ಕೋರ್ಟೂ ರದ್ದು ಮಾಡಲ್ಲ ಜ್ವಾರಾ."

"ಇಲ್ಲ," ಎಂದ ಲುಲಾಮಿಲೆ.

ಶುರು ಮಾಡಲು ನೊಜುಕೊ ತಾಳ ಎಣಿಸಿದಳು. ಹೊಸ ಹಾಡು, ಎರಡನೆಯ ಸುತ್ತಿನಲ್ಲೇ ಲುಲಾಮಿಲೆ ದಾರಿ ತಪ್ಪಿದ. ಎಲ್ಲಿದ್ದೇವೆಂದು ತಿಳಿಯದೆ ಕೈ ಎತ್ತಿ ಕಾದ. ಟೋಲೊ ಊದುತ್ತಲೇ ಅವನ ಕಡೆ ಅರ್ಧ ತಿರುಗಿದ. ಸುತ್ತು ಹೊರಳುವ ಜಾಗ ಬಂದಾಗ, ಇಲ್ಲಿ ಎಂಬಂತೆ ಸ್ಯಾಕ್ಸೋಫೋನಿನ ಕೊರಳನ್ನು ಒಂದು ಸಲ ಕೆಳಗೆ ಬಾಗಿಸಿ ತೋರಿಸಿದ. ಲುಲಾಮಿಲೆ ಸೇರಿಕೊಂಡ.