ಸಾವ್ಕಾರರ ಬಾಜು ಸೀಟು

ಗುರುವಾರ ಬೆಳಿಗ್ಗೆ ಆಟೋ ನಗರದ ತನ್ನ ಗ್ಯಾರೇಜಿನ ಮುಂದೆ ಪಾರ್ಶ್ವನ ಪಿಕಪ್ಪು ಬಂದು ನಿಂತಾಗ ಕಲ್ಲಯ್ಯ ಕೈಯಲ್ಲಿದ್ದ ಚಹಾದ ಗ್ಲಾಸು ಕೆಳಗಿಡಲಿಲ್ಲ. ಗಾಡಿಯನ್ನು ನೋಡಿಯೂ ನೋಡದವನಂತೆ ಕುಡಿದು ಮುಗಿಸಿದ. ಹದಿನಾಲ್ಕು ತಿಂಗಳ ಹಿಂದೆ ಇದೇ ಗಾಡಿ ಅವನಿಗೆ ಒಂದು ಮಾತೂ ತಿಳಿಸದೆ ಖಾಸಬಾಗದ ಪ್ರಸಾದನ ಗ್ಯಾರೇಜಿಗೆ ಹೋಗಿತ್ತು.

ಗಾಡಿ 1968ರದು. ಪಾರ್ಶ್ವನ ತಂದೆ ತಾತ್ಯಾಸಾಹೇಬರು ಇರುವತನಕ ಅದರ ವೈರು ಮುಟ್ಟುವ ಹಕ್ಕು ಕಲ್ಲಯ್ಯನೊಬ್ಬನದು. ವರ್ಷಕ್ಕೊಮ್ಮೆ ಹಳೆಯ ಗಾಡಿಗಳವರು ಕೂಡಿ ಬೆಳಗಾವಿಯಿಂದ ಖಾನಾಪುರದ ಮೇಲೆ ಹಾದು ಹಲಸಿ ಊರಿಗೆ ಹೋಗುವಾಗ ಟೂಲ್‌ಬಾಕ್ಸು ತೊಡೆಯ ಮೇಲಿಟ್ಟುಕೊಂಡು ಸಾವ್ಕಾರರ ಬಾಜು ಸೀಟಿನಲ್ಲಿ ಕೂಡುತ್ತಿದ್ದವನೂ ಅವನೇ. ಹನ್ನೊಂದು ವರ್ಷ ಹಾಗೆ ಕೂತಿದ್ದ. ತಾತ್ಯಾಸಾಹೇಬರು ತೀರಿಕೊಂಡ ಮೇಲೆ ಪಾರ್ಶ್ವ ಗಾಡಿಗೆ ಡೀಸೆಲ್ ಎಂಜಿನ್ ಕೂಡಿಸಿದ, ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದ, ವೈರಿಂಗ್ ಪೂರ್ತಿ ಹೊಸದು ಮಾಡಲು ಪ್ರಸಾದನಿಗೆ ಕೊಟ್ಟ. ಪ್ರಸಾದ ಕಲ್ಲಯ್ಯನ ಕೈಕೆಳಗೇ ಆರು ವರ್ಷ ಕಲಿತು ಬೇರೆಯಾದವನು. ಕಳೆದ ವರ್ಷ ಆ ಸೀಟಿನಲ್ಲಿ ಅವನು ಕೂತಿದ್ದ. ಯಾರದೋ ಮೊಬೈಲಿನಲ್ಲಿ ಆ ಫೋಟೊ ನೋಡಿದ ದಿನ ಕಲ್ಲಯ್ಯ ಅರ್ಧ ಊಟಕ್ಕೆ ಎದ್ದುಬಿಟ್ಟ. "ನಿಮಗೂ ಸವತಿ ಬಂದ್ಲೇನ್ರಿ?" ಎಂದು ಹೆಂಡತಿ ಗೌರವ್ವ ಚಾಷ್ಟಿ ಮಾಡಿದ್ದಳು.

ಪಾರ್ಶ್ವ ತೊಂದರೆ ಹೇಳಿದ. ಈಚೆಗೆ ಹಾಕಿಸಿದ ಪ್ರಖರ ಹೆಡ್‌ಲೈಟು ಹಚ್ಚಿ ಇಂಡಿಕೇಟರ್ ಹಾಕಿದರೆ ಅದು ಮಿನುಗಿದಂತೆಲ್ಲ ಹೆಡ್‌ಲೈಟು ಮಂಕಾಗುತ್ತಿತ್ತು. ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ತೂಗಾಡುತ್ತಿತ್ತು. ಐತವಾರ ಹಲಸಿಗೆ ಹೊರಡಬೇಕು, ಪ್ರಸಾದ ಗೋಕಾಕಕ್ಕೆ ಮದುವೆಗೆ ಹೋದವನು ಶನಿವಾರ ರಾತ್ರಿ ಬರುತ್ತಾನೆ.

"ಅವನ ವೈರಿಂಗ್‌ದಾಗ ದೋಷ ಇದ್ರ ಅವನ್ನ ನಂಬಿ ಹ್ಯಾಂಗ ಕರ್ಕೊಂಡು ಹೋಗ್ಲಿ, ಕಾಕಾ? ಈ ಸಲ ನೀವ ಬರಬೇಕಾಗ್ತದ."

ಒಂದಕ್ಕೊಂದು ಸಂಬಂಧವಿಲ್ಲದ ದೀಪ, ಮುಳ್ಳು ಒಟ್ಟಿಗೇ ಕುಣಿದರೆ ಮೊದಲು ಅರ್ಥಿಂಗ್, ಅಂದರೆ ಕರೆಂಟು ಬಾಡಿಯಿಂದ ಬ್ಯಾಟರಿಗೆ ಮರಳುವ ದಾರಿ, ನೋಡಬೇಕು. ಪ್ರಸಾದನಿಗೆ ಇದನ್ನು ಕಲಿಸಿದವನೇ ಕಲ್ಲಯ್ಯ. ಆದರೆ ಆ ದಿನ ಅವನು ಮೀಟರು ಹಿಡಿಯಲಿಲ್ಲ, ಬ್ಲೇಡು ಹಿಡಿದ. ಬಾನೆಟ್ ಎತ್ತಿ, ಹೆಣ್ಣು ನೋಡಲು ಬಂದವರು ಊನ ಹುಡುಕುವ ಹಾಗೆ ಪ್ರಸಾದನ ಕೆಲಸ ನೋಡತೊಡಗಿದ. ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ವೈರು. ಪ್ರತಿ ತುದಿಗೆ ನಂಬರಿನ ಚೀಟಿ. ತಿರುವಿನಲ್ಲಿ ಎಳೆತ ಬೀಳದಂತೆ ಬಿಟ್ಟ ಎರಡು ಬೆರಳಿನಷ್ಟು ಸಡಿಲ. ಕೈಯಿಂದ ಹೊಸೆದ ಜೋಡು ಒಂದೂ ಇಲ್ಲ. ಮಧ್ಯಾಹ್ನದೊಳಗೆ ವೈರಿನ ಕಟ್ಟನ್ನು ನಾಲ್ಕು ಕಡೆ ಸೀಳಿದ. ಏನೂ ಸಿಗಲಿಲ್ಲ. ಸಿಗದಿದ್ದಷ್ಟೂ ಮತ್ತೆ ಹುಡುಕಿದ.

ಮೂರು ಗಂಟೆಗೆ, ಬೇರೆ ದಾರಿಯಿಲ್ಲದೆ, ಹೆಡ್‌ಲೈಟು ಹಚ್ಚಿ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಬಾಡಿಗೂ ಹಚ್ಚಿದ. 2.6 ವೋಲ್ಟ್ ತೋರಿಸಿತು. ಕಾಲು ವೋಲ್ಟಿನೊಳಗೆ ಇರಬೇಕಾದದ್ದು. ಬ್ಯಾಟರಿಯಿಂದ ಚಾಸಿಗೆ ಸರಿಯಿತ್ತು. ಚಾಸಿಯಿಂದ ಬಾಡಿಗೆ ಹೋಗುವ, ತಾಮ್ರದ ಎಳೆಗಳ ಪಟ್ಟಿಯಲ್ಲೇ ತೊಂದರೆ. ರೇಡಿಯೇಟರಿನ ಎಡಕ್ಕೆ ಕೈ ಹಾಕಿ ತಡವಿದಾಗ ಬೆರಳಿಗೆ ರಬ್ಬರು ಸಿಕ್ಕಿತು. ಅರ್ಥಿಂಗ್ ಪಟ್ಟಿಗೆ ಸೈಕಲ್ ಟ್ಯೂಬು ಸುತ್ತುವವನು ಆಟೋ ನಗರದಲ್ಲಿ ಒಬ್ಬನೇ ಇದ್ದ. ನೀರು ಹೋಗದಿರಲಿ ಎಂದು 2011ರಲ್ಲಿ ಕಲ್ಲಯ್ಯನೇ ಸುತ್ತಿದ್ದ. ಟ್ಯೂಬು ಸೀಳಿದ. ಹೇಗೋ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿರಲಿಲ್ಲ. ತಾಮ್ರ ಹಸಿರು ಪುಡಿಯಾಗಿತ್ತು. ಉಳಿದ ನಾಲ್ಕೈದು ಎಳೆ ಹಳೆಯ ಮಂದ ದೀಪಗಳಿಗೆ ಸಾಕಾಗಿದ್ದವು, ಹೊಸವಕ್ಕೆ ಸಾಲಲಿಲ್ಲ. ಗಾಡಿಯ ಪ್ರತಿಯೊಂದು ವೈರು ಬದಲಿಸಿದ ಪ್ರಸಾದ ಇದೊಂದನ್ನು ಮಾತ್ರ ಮುಟ್ಟಿರಲಿಲ್ಲ.

ಕಲ್ಲಯ್ಯ ಹೊಸ ಪಟ್ಟಿ ಹಾಕಿದ. ಮೀಟರು 0.08ಕ್ಕೆ ಇಳಿಯಿತು, ದೀಪ ನಿಂತು ಉರಿಯಿತು. ಸೀಳಿದ ನಾಲ್ಕು ಕಡೆ ಕಪ್ಪು ಟೇಪು ಸುತ್ತಿದ. ಹಳೆಯ ಪಟ್ಟಿಯನ್ನು ಗುಜರಿ ಡಬ್ಬಿಯ ತಳಕ್ಕೆ ತುರುಕಿದ. ಸಂಜೆ ಪಾರ್ಶ್ವ ಕೇಳಿದಾಗ ಅರ್ಥಿಂಗ್ ಹೋಗಿತ್ತು ಎಂದಷ್ಟೇ ಹೇಳಿದ. ಪ್ರಸಾದ ಅಷ್ಟೂ ನೋಡಲಿಲ್ಲವೇ ಎಂದು ಪಾರ್ಶ್ವ ಬೇಸರಪಟ್ಟುಕೊಂಡ. ಕಲ್ಲಯ್ಯ ಕೈ ಒರೆಸಿಕೊಂಡ.

ಐತವಾರ ಸೀಟು ಅವನದಾಯಿತು. ಖಾನಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಂತಾಗ ಗಾಡಿಗಳ ಬಾನೆಟ್‌ಗಳೆಲ್ಲ ತೆರೆದುಕೊಂಡವು. ಊರಿನ ಮೆಕ್ಯಾನಿಕ್ ಸಂಜಯ ಎಂಬವನು ಪಿಕಪ್ಪಿನೊಳಗೆ ಬಗ್ಗಿ, ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ವೈರಿಂಗನ್ನು ಹೊಗಳಿ, ಇಷ್ಟು ಚೆಂದದ ಕೆಲಸದ ಮೇಲೆ ಈ ಟೇಪು ಸುತ್ತಿದವರು ಯಾರೆಂದು ಕೇಳಿದ. ಮಾಡಿದವನು ಅರ್ಥಿಂಗ್ ಮರೆತಿದ್ದ, ಕಾಕಾ ಹುಡುಕಿದರು ಎಂದು ಪಾರ್ಶ್ವ ಹೇಳಿದ.

ಸಂಜಯ ತಲೆಯಾಡಿಸಿದ. "ಹಿಂಗ ವೈರ್ ಎಳ್ಯಾವ ಅರ್ಥಿಂಗ್ ಮರೀತಾನೇನ್ರಿ? ನನಗೇನೋ ಖರೇ ಅನ್ಸೂದಿಲ್ಲ."

ಆ ಕೆಲಸ ಎಷ್ಟು ಚಲೋ ಇದೆ ಎಂಬುದು ಕಲ್ಲಯ್ಯನಿಗಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಅವನು ಒಂದು ದಿನವಿಡೀ ಅದರೊಳಗೆ ತಪ್ಪು ಹುಡುಕಿದ್ದ. ಈಗ ಎರಡು ನಿಮಿಷ ನೋಡಿದ ಮನುಷ್ಯ ಅದರ ಪರ ನಿಂತಿದ್ದ. ಅದನ್ನೂ ಅವನಿಗೆ ಸಹಿಸಲಾಗಲಿಲ್ಲ.

"ಅಂವ ಮರ್ತಿಲ್ಲ," ಎಂದ ಕಲ್ಲಯ್ಯ. "ಆ ಅರ್ಥಿಂಗ್ ನಂದು. ನಾ ಸುತ್ತಿದ ಟ್ಯೂಬಿನಾಗ ಕೊಳ್ತಿತ್ತು."

ಪಾರ್ಶ್ವ ಅವನ ಮುಖ ನೋಡಿದ. ಪ್ರಸಾದನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಆ ಒಂದು ಪಟ್ಟಿ ಯಾಕೆ ಬದಲಿಸಲಿಲ್ಲ ಎಂದು ಕೇಳಿದ.

"ಉಸ್ತಾದ್ರ ಕೈಯಿಂದು ಅದೊಂದರ ಗಾಡ್ಯಾಗ ಇರ್ಲಿ ಅಂತ ಬಿಟ್ಟಿದ್ನಿರಿ. ಮೀಟರ್ ಹಚ್ಚಿ ನೋಡಬೇಕಾಗಿತ್ತು. ತಪ್ಪು ನಂದ."

ತಪ್ಪನ್ನೂ ಅವನೇ ತೆಗೆದುಕೊಂಡುಬಿಟ್ಟ. ಆರು ವರ್ಷದಲ್ಲಿ ಕಲ್ಲಯ್ಯ ಅವನಿಗೆ ಇದನ್ನಂತೂ ಕಲಿಸಿರಲಿಲ್ಲ.

ಬೈಕ್ ತಗೊಂಡು ಖಾನಾಪುರಕ್ಕೆ ಬಾ, ಕಾಯುತ್ತೇವೆ ಎಂದು ಪಾರ್ಶ್ವ ಫೋನಿನಲ್ಲಿ ಹೇಳುತ್ತಿರುವಾಗಲೇ ಕಲ್ಲಯ್ಯ ಟೂಲ್‌ಬಾಕ್ಸು ಇಳಿಸಿಕೊಂಡ.

"ಮೂರು ಮಂದಿ ಹಿಡೀತದ, ಕಾಕಾ. ಕುಂದರ್ರಿ," ಎಂದ ಪಾರ್ಶ್ವ.

ಮೂವರು ಹಿಡಿಯುತ್ತಾರೆಂದು ಅವನಿಗೂ ಗೊತ್ತಿತ್ತು. ಗ್ಯಾರೇಜಿನಲ್ಲಿ ಕೆಲಸ ಉಳಿದಿದೆ ಎಂದು ಹೇಳಿ, ರಸ್ತೆ ದಾಟಿ, ಬೆಳಗಾವಿ ಬಸ್ಸು ನಿಲ್ಲುವ ಕಡೆಗೆ ನಡೆದ.